ಎಡಗೈ ಕೂದಲು ಬೋಳಿಸಿಕೊಂಡು ಹೈ ಟೆನ್ಷನ್ ಲೈನ್ ಕೆಳಗೆ ನಿಂತೆ

ಹೈ ಟೆನ್ಷನ್ ಲೈನ್‌ಗಳ ಕೆಳಗೆ ವಿದ್ಯುತ್ ಕ್ಷೇತ್ರ, ಅಂದರೆ ತಂತಿಯ ವೋಲ್ಟೇಜಿನಿಂದ ಸುತ್ತಲೂ ಹರಡುವ ಸೆಳೆತ, ಅಳೆಯುವುದು ನನ್ನ ಕೆಲಸ. 'ತಂತಿ ಕೆಳಗೆ ಹೋದರೆ ನನಗೆ ಗೊತ್ತಾಗಿಬಿಡುತ್ತೆ' ಅನ್ನುವವರು ಆಗಾಗ ಸಿಗುತ್ತಾರೆ. ನನಗೂ ಹಾಗೇ ಅನಿಸುತ್ತಿತ್ತು. ಆದರೆ ಅದು ನಿಜವಾಗಿ ಮೈಗೆ ತಿಳಿಯುತ್ತಿತ್ತೋ, ಟವರ್ ನೋಡಿ, ಮೇಲಿನ ಗುಂಯ್ ಸದ್ದು ಕೇಳಿ ಸುಮ್ನೆ ಹಾಗನ್ನಿಸುತ್ತಿತ್ತೋ? ನೋಡೇಬಿಡೋಣ ಅಂದುಕೊಂಡೆ.

ಆರಿಸಿಕೊಂಡಿದ್ದು 400 ಕಿಲೋವೋಲ್ಟ್ ಲೈನ್. ಕ್ಷೇತ್ರ ಅಳೆಯುವ ಮೀಟರನ್ನು ಕೈಯಲ್ಲಿ ಹಿಡಿದು ಅಳೆದರೆ ಲೆಕ್ಕ ಕೆಡುತ್ತದೆ. ನಮ್ಮ ಮೈಯೇ ಕ್ಷೇತ್ರವನ್ನು ತನ್ನತ್ತ ಎಳೆದುಕೊಳ್ಳುತ್ತದಲ್ವಾ? ಹಾಗಾಗಿ ಫೈಬರ್ ಕೋಲಿನ ತುದಿಗೆ ಕಟ್ಟಿ, ನೆಲದಿಂದ 1 ಮೀಟರ್ ಎತ್ತರದಲ್ಲಿಟ್ಟು, ದೂರದಿಂದ ಓದಿದೆವು. ಎರಡು ಟವರ್‌ಗಳ ನಡುವೆ, ತಂತಿ ಜೋತು ಕೆಳಗಿಳಿಯುವ ಕಡೆ, ಪ್ರತಿ ಒಂದು ಮೀಟರ್ ಅಂತರಕ್ಕೆ 7 ಕಿಲೋವೋಲ್ಟ್ ಬಂತು (ಮುಂದೆ ಬರೀ ಕಿಲೋವೋಲ್ಟ್ ಅಂದರೂ ಇದೇ ಲೆಕ್ಕ). ಟವರ್ ಬುಡದಲ್ಲೇ ಜಾಸ್ತಿ ಇರುತ್ತದೆ ಅಂತ ಹಲವರು ಹೆದರುತ್ತಾರೆ. ಅಲ್ಲಿ ಅದರ ಕಾಲು ಭಾಗವೂ ಇರಲಿಲ್ಲ.

ಹಿಂದಿನ ದಿನವೇ ಎಡ ಮುಂಗೈ ಕೂದಲು ಪೂರ್ತಿ ಬೋಳಿಸಿಕೊಂಡಿದ್ದೆ. ಬಲಗೈ ಹಾಗೇ ಇತ್ತು. ಕಣ್ಣಿಗೆ ಬಟ್ಟೆ, ಕಿವಿಗೆ ಬೆಂಡು. ಜೊತೆಗಾರ ಒಂದು ಒಣ ಹತ್ತಿ ಹಗ್ಗ ಕೊಟ್ಟು, ಸುತ್ತಿಸಿ ಸುತ್ತಿಸಿ ದಿಕ್ಕು ತಪ್ಪಿಸಿ ನಡೆಸಿದ. ಏನಾದರೂ ಅನಿಸಿದರೆ ನಾನು 'ಈಗ' ಅನ್ನಬೇಕು, ಅವನು ಜಾಗ ಗುರುತು ಹಾಕಬೇಕು.

ಮೊದಲ ದಿನ ಮಾನ ಹೋಯಿತು. ಮೀಟರಿನಲ್ಲಿ ಅರ್ಧ ಕಿಲೋವೋಲ್ಟೂ ಇಲ್ಲದ ಕಡೆ ಎರಡು ಸಲ 'ಈಗ' ಅಂದಿದ್ದೆ. ಅದು ಬರೀ ಗಾಳಿ. ಮಧ್ಯಾಹ್ನ ಬೆವರಿಗೆ ಕೂದಲು ಅಂಟಿಕೊಂಡ ಮೇಲೆ ತಂತಿಯ ನೇರ ಕೆಳಗೂ ಏನೂ ತಿಳಿಯಲಿಲ್ಲ.

ಮರುದಿನ ಗಾಳಿಯಿಲ್ಲದ ಬೆಳಿಗ್ಗೆ ಮತ್ತೆ ಶುರು ಮಾಡಿದೆವು. ಕೈ ಇಳಿಬಿಟ್ಟಾಗ ಹೆಚ್ಚೇನೂ ಇಲ್ಲ. ಬಲಗೈ ತಲೆಯ ಮೇಲೆತ್ತಿ ನಡೆದರೆ ಸುಮಾರು 4 ಕಿಲೋವೋಲ್ಟ್ ಹತ್ತಿರ ಜೇಡರ ಬಲೆ ತಾಗಿದ ಹಾಗೆ ಕಚಗುಳಿ. ಎಡಗೈಗೆ ಅದೇ ಜಾಗದಲ್ಲಿ ಸುದ್ದಿಯೇ ಇಲ್ಲ! ಶಾರ್ಕ್ ಮೀನಿಗೆ ವಿದ್ಯುತ್ ಅರಿಯಲೆಂದೇ ಅಂಗವಿದೆ. ನಮಗಿರುವುದು ಮೈಕೂದಲು ಮಾತ್ರ. ಕ್ಷೇತ್ರ ಸೆಕೆಂಡಿಗೆ 50 ಸಲ ಅತ್ತ-ಇತ್ತ ತಿರುಗುತ್ತದೆ, ಆದರೆ ಅತ್ತ ತಿರುಗಿದಾಗಲೂ ಇತ್ತ ತಿರುಗಿದಾಗಲೂ ಕೂದಲನ್ನು ಎಳೆಯುತ್ತದೆ. ಹಾಗಾಗಿ ಕೂದಲು 100 ಸಲ ನಡುಗುತ್ತದೆ. ಅದರ ಬೇರಿನ ನರಕ್ಕೆ ಅಷ್ಟು ಸಾಕು.

ಕಾಲಿನದು ಬೇರೆಯೇ ಕತೆ. ರಬ್ಬರ್ ಅಡಿಯ ಶೂ ಹಾಕಿದ್ದೆ. ಹುಲ್ಲು ಪಾದದ ಗಂಟಿಗೆ ತಾಗಿದಾಗಲೆಲ್ಲ ಸೂಜಿ ಚುಚ್ಚಿದಂತೆ ಚುರ್ ಅನ್ನುತ್ತಿತ್ತು. ಆ ಕ್ಷೇತ್ರದಲ್ಲಿ ನಿಂತವರ ಮೈಯಲ್ಲಿ ಹರಿಯುವುದು ಸುಮಾರು 100 ಮೈಕ್ರೋಆಂಪಿಯರ್. ಅಷ್ಟು ಕರೆಂಟು ಒಂದೇ ಸಮ ಹರಿದರೆ ಗೊತ್ತೇ ಆಗುವುದಿಲ್ಲ. ಗೊತ್ತಾಗಲು ಹೆಚ್ಚುಕಡಿಮೆ 500 ಬೇಕು. ಚುಚ್ಚುವುದು ಕಿಡಿ. ಶೂ ನೆಲದಿಂದ ಬೇರೆ ಮಾಡಿದ ಮೈಗೂ ನೆಲಕ್ಕೆ ಅಂಟಿದ ಹುಲ್ಲಿಗೂ ನಡುವೆ ಅದು ಹಾರುತ್ತದೆ. ಶೂ ಬಿಚ್ಚಿ ಬರಿಗಾಲಲ್ಲಿ ನಿಂತೆ. ಹುಲ್ಲಿನ ಚುಚ್ಚು ನಿಂತಿತು, ಬಲಗೈ ಕಚಗುಳಿ ಇನ್ನೂ ಜಾಸ್ತಿಯಾಯಿತು.

ಇದನ್ನು ಓದಿ ಯಾರೂ ಕೋಲು, ದೋಟಿ, ಏಣಿ, ಕೊಡೆ ಎತ್ತಿಕೊಂಡು ತಂತಿ ಕೆಳಗೆ ಹೋಗಬೇಡಿ. ನಾನು ಎತ್ತಿದ್ದು ಬರೀ ಕೈ.

ಕೊನೆಗೆ ಜೊತೆಗಾರ, ಹೇಳದೆ ಕೇಳದೆ, ಲೈನ್ ಪಕ್ಕದ ದೊಡ್ಡ ಮರದ ಕೆಳಗೆ ತಂದು ನಿಲ್ಲಿಸಿದ. ಕೈ ಎತ್ತಿದೆ, ಏನೂ ಇಲ್ಲ. ಮರ ಕ್ಷೇತ್ರವನ್ನು ತಡೆದಿತ್ತು, ಮೀಟರ್ ಸೊನ್ನೆಯ ಹತ್ತಿರ ಇತ್ತು. ಆಗ ಅವನು ನನ್ನ ಕಿವಿಯ ಬೆಂಡು ತೆಗೆದ. ತಂತಿಯ ಗುಂಯ್ ಸದ್ದು ಕೇಳಿಸಿತು. ತಕ್ಷಣ ತೋಳೆಲ್ಲ ಜುಮ್ಮೆಂದಿತು, ಬೋಳಿಸಿದ ಎಡಗೈ ಕೂಡ.