ಸಿ ಒಂದೇ ಸಾಕಾ, ಡಿ ಕೂಡ ಬೇಕಾ?

ಉಡುಪಿ ಸುತ್ತಮುತ್ತ ಯಕ್ಷಗಾನದ ವಿಡಿಯೋ ಮಾಡುವುದು ನನ್ನ ಕೆಲಸ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಸ್ವಲ್ಪ ಬಿಡುವು. ಕಂಪ್ಯೂಟರಿನ ಕೆಲಸವೆಲ್ಲ ಆಗಲೇ. ಈ ಮಳೆಗಾಲದಲ್ಲಿ ಎಡಿಟಿಂಗಿಗೆ ಹೊಸದೊಂದು ಕಂಪ್ಯೂಟರ್ ಹಾಕಿಸಿದೆ, 1 ಟಿಬಿ ಎಸ್‌ಎಸ್‌ಡಿ (ಚಿಪ್ಪಿನಲ್ಲಿ ಫೈಲು ಇಡುವ ಡಿಸ್ಕ್) ಇರುವುದು. ಜೋಡಿಸಿ ಕೊಡುವ ಹುಡುಗ "ಡಿಸ್ಕನ್ನು ಸಿ, ಡಿ, ಇ ಅಂತ ಮೂರು ಭಾಗ ಮಾಡ್ಲಾ ಸರ್?" ಎಂದು ಕೇಳಿದ. "ಈಗ ಒಂದೇ ಇರಲಿ ಮಾರಾಯ, ಮತ್ತೆ ನೋಡುವ" ಎಂದೆ.

ಮೂರು ಮಾಡುವುದು ಹಳೇ ಅಭ್ಯಾಸ. ತಿರುಗುವ ಹಾರ್ಡ್ ಡಿಸ್ಕ್ ಇದ್ದಾಗ ಅದರಲ್ಲಿ ಅರ್ಥವಿತ್ತು. ತಟ್ಟೆಯ ಹೊರಅಂಚಿನಲ್ಲಿ ಓದುವುದು, ಬರೆಯುವುದು ಬೇಗ ಆಗುತ್ತಿತ್ತು. ವಿಂಡೋಸನ್ನು ಅಲ್ಲೇ ಒಂದು ಪಾಲಿನಲ್ಲಿ ಇಟ್ಟರೆ ಸ್ವಲ್ಪ ಲಾಭ. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲವಲ್ಲ. ಎಷ್ಟು ಭಾಗ ಮಾಡಿದರೂ ವೇಗ ಅಷ್ಟೇ.

"ಡಿಯಲ್ಲಿ ಹಾಕಿಟ್ಟರೆ ಸೇಫ್" ಎನ್ನುವವರು ನಮ್ಮಲ್ಲಿ ಜಾಸ್ತಿ. ವಿಂಡೋಸ್ ಕೆಟ್ಟರೆ ಮಾತ್ರ ಸೇಫ್. ಡಿಸ್ಕೇ ಕೆಟ್ಟರೆ ಸಿ ಜೊತೆ ಡಿ ಕೂಡ ಹೋಗುತ್ತದೆ. ರಾತ್ರಿಯಿಡೀ ಕೂತು ತೆಗೆದ ಯಕ್ಷಗಾನ ಆಟದ ವಿಡಿಯೋದ ಎರಡನೇ ಪ್ರತಿಯನ್ನು ಅದೇ ಡಿಸ್ಕಿನ ಡಿಯಲ್ಲಿ ಇಡುವುದನ್ನು ನಾನು ಬ್ಯಾಕಪ್ ಎನ್ನುವುದಿಲ್ಲ. ಅದಕ್ಕೆ ಬೇರೆ ಡಿಸ್ಕೇ ಬೇಕು.

ಹಾಗಿದ್ದರೂ ನಾನು ಎರಡು ಭಾಗ ಮಾಡಿದೆ. ಎಡಿಟಿಂಗ್ ಯಂತ್ರದಲ್ಲಿ ಆಗಾಗ ವಿಂಡೋಸ್ ಹೊಸದಾಗಿ ಹಾಕುವುದು ಇದ್ದದ್ದೇ. ಆಗ ಸಿ ಮಾತ್ರ ಫಾರ್ಮ್ಯಾಟ್ ಮಾಡಿದರೆ ಸಾಕು, ಅರ್ಧ ಮುಗಿದ ಕೆಲಸ ಡಿಯಲ್ಲಿ ಹಾಗೇ ಇರುತ್ತದೆ. ನನಗೆ ಬೇಕಾದದ್ದು ಇಷ್ಟೇ.

ತಲೆ ಕೆಡಿಸಿಕೊಂಡದ್ದು ಸಿಗೆ ಎಷ್ಟು ಕೊಡಬೇಕು ಎಂದು. ವಿಂಡೋಸ್ 11 ಕೇಳುವುದು ಕನಿಷ್ಠ 64 ಜಿಬಿ. ಅಷ್ಟನ್ನೇ ಕೊಟ್ಟರೆ ಅಪ್‌ಡೇಟಿಗೇ ಜಾಗ ಸಾಲದು. ಎಡಿಟಿಂಗ್ ಸಾಫ್ಟ್‌ವೇರಿನ ಕ್ಯಾಶ್ (ತಾತ್ಕಾಲಿಕ ಫೈಲುಗಳು) ಕೂಡ, ನಾವು ಬದಲಾಯಿಸದಿದ್ದರೆ, ಸಾಮಾನ್ಯವಾಗಿ ಸಿಯಲ್ಲೇ ತುಂಬುತ್ತದೆ. ಸಿ ತುಂಬಿ ಡಿ ಖಾಲಿ ಬಿದ್ದಿದ್ದರೂ ಆ ಜಾಗ ಸಿಗೆ ಸುಲಭದಲ್ಲಿ ಸಿಗುವುದಿಲ್ಲ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ದೊಡ್ಡದು ಮಾಡಬೇಕಾದರೆ ಅದರ ಬಲಕ್ಕೆ ಅಂಟಿಕೊಂಡೇ ಯಾವ ಭಾಗಕ್ಕೂ ಸೇರದ ಖಾಲಿ ಜಾಗ ಇರಬೇಕು. ಅಲ್ಲಿ ಡಿ ಕೂತಿರುತ್ತದೆ, ಇಲ್ಲವೇ ವಿಂಡೋಸ್ ರಿಪೇರಿಗೆಂದು ಇಟ್ಟುಕೊಂಡ ರಿಕವರಿ ಪಾರ್ಟಿಶನ್ ಇರುತ್ತದೆ. 1 ಟಿಬಿ ಎಂದರೂ ವಿಂಡೋಸ್ ತೋರಿಸುವುದು 931 ಜಿಬಿ. ಅದರಲ್ಲಿ ಸಿಗೆ ಸುಮಾರು 400 ಬಿಟ್ಟೆ, ಉಳಿದದ್ದು ಡಿಗೆ.

ಕೆಲಸಕ್ಕೆ ಕೂತದ್ದು ಸಿಡಿಲು ಮಳೆ ಇಲ್ಲದ ದಿನ, ಯುಪಿಎಸ್ ಚಾರ್ಜ್ ನೋಡಿಕೊಂಡು. ನಮ್ಮ ಕಡೆ ಜೂನ್, ಜುಲೈಯಲ್ಲಿ ಕರೆಂಟನ್ನು ನಂಬಿ ಡಿಸ್ಕ್ ಮುಟ್ಟುವುದು ಬೇಡ. ಮೊದಲು ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಆನ್ ಇದೆಯಾ ನೋಡಿ, 48 ಅಂಕಿಯ ರಿಕವರಿ ಕೀಯನ್ನು ಡೈರಿಯಲ್ಲಿ ಬರೆದಿಟ್ಟೆ. ಡಿಗೂ ಬಿಟ್‌ಲಾಕರ್ ಬಿದ್ದಿದ್ದರೆ ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಡಿಯದ್ದೇ ಕೀ ಇಲ್ಲದೆ ಅದು ತೆರೆಯುವುದಿಲ್ಲ. ಮತ್ತೆ ಸಿ ಮೇಲೆ ರೈಟ್ ಕ್ಲಿಕ್ ಮಾಡಿ ಶ್ರಿಂಕ್ ವಾಲ್ಯೂಮ್, ಅಂದರೆ ಸಿ ಸಣ್ಣದು ಮಾಡುವುದು. ಜಾಗ ಬೇಕಾದಷ್ಟು ಖಾಲಿ ಇದ್ದರೂ ಅದು ಕಡಿಮೆಯೇ ಬಿಡುತ್ತೇನೆ ಎಂದಿತು. ಕದಲಿಸಲಾಗದ ಫೈಲು ನಡುವೆ ಕೂತಿದ್ದರೆ ಹೀಗಾಗುತ್ತದೆ. ಅಂಥ ಫೈಲು ಇಡುವ ಹೈಬರ್ನೇಶನ್, ಸಿಸ್ಟಮ್ ಪ್ರೊಟೆಕ್ಷನ್ ಎರಡನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ ರೀಸ್ಟಾರ್ಟ್ ಮಾಡಿದೆ. ಆಮೇಲೆ ಬೇಕಾದಷ್ಟು ಸಿಕ್ಕಿತು, ಅದನ್ನೇ ಡಿ ಮಾಡಿದೆ.

ಹಳೇ ಆಟಗಳನ್ನು ಇಡುವ 4 ಟಿಬಿ ಡಿಸ್ಕನ್ನು ಮಾತ್ರ ಭಾಗ ಮಾಡಲಿಲ್ಲ. ಒಂದು ಆಟ ದೊಡ್ಡದು, ಒಂದು ಸಣ್ಣದು, ಯಾವ ಪಾಲೂ ಸರಿಯಾಗಿ ತುಂಬುವುದಿಲ್ಲ. ಮೇಳದ ಹೆಸರಿನಲ್ಲಿ ಒಂದೊಂದು ಫೋಲ್ಡರ್ ಸಾಕು. ಅದನ್ನು ಎಂಬಿಆರ್ ಬದಲು ಜಿಪಿಟಿ ಮಾಡಿದೆ (ಎರಡೂ ಡಿಸ್ಕಿನ ಭಾಗಗಳ ಪಟ್ಟಿ ಇಡುವ ವಿಧಾನ), ಏಕೆಂದರೆ ಎಂಬಿಆರ್‌ನಲ್ಲಿ 2 ಟಿಬಿಯಿಂದ ಆಚೆ ಜಾಗ ಸಿಗುವುದಿಲ್ಲ.

ಮಣಿಪಾಲದಲ್ಲಿ ಓದುವ ಅಕ್ಕನ ಮಗ ಇದನ್ನೆಲ್ಲ ನೋಡಿ ತನ್ನ 256 ಜಿಬಿ ಲ್ಯಾಪ್‌ಟಾಪಿಗೂ ಮಾಡಿಕೊಡಿ ಎಂದ. ಬೇಡ ಎಂದೆ. ಅಷ್ಟು ಸಣ್ಣದನ್ನು ಸುಮ್ನೆ ಭಾಗ ಮಾಡಿದರೆ ಎರಡೂ ಕಡೆ ಇಕ್ಕಟ್ಟು. ಮುಂದೆ ವಿಂಡೋಸ್ ಜೊತೆ ಲಿನಕ್ಸ್ (ಬೇರೊಂದು ಆಪರೇಟಿಂಗ್ ಸಿಸ್ಟಮ್) ಕೂಡ ಹಾಕಬೇಕು ಅನ್ನಿಸಿದರೆ ಆಗ ನೋಡಿದರಾಯ್ತು.