ಗಿಡ್ಡ, ದಪ್ಪ ರಾಕೆಟ್‌ಗೆ ಓಪನ್‌ರಾಕೆಟ್ 'ಅಸ್ಥಿರ' ಅಂದರೆ

ನನ್ನ ಮಾದರಿ ರಾಕೆಟ್‌ನ ವ್ಯಾಸ 100 ಮಿ.ಮೀ., ಉದ್ದ 300 ಮಿ.ಮೀ. ಒತ್ತಡ ಕೇಂದ್ರ (ಗಾಳಿಯ ಬಲ ಒಟ್ಟಾಗಿ ಬೀಳುವ ಬಿಂದು) ಗುರುತ್ವ ಕೇಂದ್ರಕ್ಕಿಂತ ಮುಂದಿದೆ, ಅಂದರೆ ರಾಕೆಟ್ ಅಸ್ಥಿರ ಅಂತಲೇ ಓಪನ್‌ರಾಕೆಟ್ ಎಂಬ ರಾಕೆಟ್ ವಿನ್ಯಾಸದ ಸಾಫ್ಟ್‌ವೇರ್ ತೋರಿಸುತ್ತಿತ್ತು. ರೆಕ್ಕೆ ದೊಡ್ಡದು ಮಾಡಿದರೆ ಹಿಂಭಾಗದ ತೂಕವೂ ಏರಿತು. ಮೂತಿಗೆ ಜೇಡಿ ತುಂಬಿದರೆ ಮೋಟಾರಿಗೆ ಭಾರವಾಯಿತು.

ಕಾರಣ: ಒತ್ತಡ ಕೇಂದ್ರ ಲೆಕ್ಕಹಾಕುವ ಬ್ಯಾರೋಮನ್ ಸೂತ್ರ, ರಾಕೆಟ್ ಸ್ಥಿರವಾಗಿರಲು ನೆರವಾಗುವ ಅಗಲ ತಳದ ಹಿಂದಿನ ಎಳೆತವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಕೆಲಸ ಮಾಡಿದ್ದು ಇದು. ಫೈಲಿನಲ್ಲಿ ಮಾತ್ರ, ಕೊನೆಯ ಬಾಡಿ ಟ್ಯೂಬಿನ ನಂತರ ಒಂದು ಟ್ರಾನ್ಸಿಷನ್ (ವ್ಯಾಸ ಬದಲಾಗುವ ಭಾಗ) ಸೇರಿಸಿ, ಆಕಾರ ಶಂಕು. 'ಆಟೋಮ್ಯಾಟಿಕ್' ಟಿಕ್ ತೆಗೆದು ಮುಂದಿನ ವ್ಯಾಸ 0, ಹಿಂದಿನದು 100, ಉದ್ದ ವ್ಯಾಸದ 3.14 ಪಟ್ಟು, ಅಂದರೆ 314 ಮಿ.ಮೀ. ಕೊಡಿ. ಓವರ್‌ರೈಡ್‌ನಲ್ಲಿ (ಲೆಕ್ಕದ ಬದಲು ನಾವೇ ಮೌಲ್ಯ ಕೊಡುವ ಕಡೆ) ಈ ಶಂಕುವಿನ ತೂಕ 0 ಮಾಡಿ. ಮರೆತರೆ ಗುರುತ್ವ ಕೇಂದ್ರವೂ ಹಿಂದೆ ಸರಿದು ಲೆಕ್ಕ ಕೆಡುತ್ತದೆ. ಈಗ ಸಿಗುವ ಒತ್ತಡ ಕೇಂದ್ರವೇ ನಿಜಕ್ಕೆ ಹತ್ತಿರ.

ರಾಕೆಟ್‌ನ ಉದ್ದ ವ್ಯಾಸದ 10 ಪಟ್ಟಿಗಿಂತ ಕಡಿಮೆ ಇದ್ದರೆ ಮಾತ್ರ ಈ ಉಪಾಯ. ಎತ್ತರದ ಲೆಕ್ಕಕ್ಕೆ ಶಂಕು ಇಲ್ಲದ ಫೈಲನ್ನೇ ಬಳಸಿ.