ಒಂದೇ ಸರ್ವರ್, ಮೂರು ವರ್ಡ್‌ಪ್ರೆಸ್: ನನ್ನ ಅನುಭವ

ನನ್ನ ಹತ್ತಿರ ಇದ್ದದ್ದು ಒಂದು ಸಣ್ಣ ಉಬುಂಟು ಸರ್ವರ್, ಒಂದು ಡೊಮೇನ್. ಅದರಲ್ಲಿ ವರ್ಡ್‌ಪ್ರೆಸ್ ಅನ್ನೋ ವೆಬ್‌ಸೈಟ್ ಕಟ್ಟುವ ತಂತ್ರಾಂಶದ ಒಂದು ಸೈಟ್ ಆಗಲೇ ನಡೆಯುತ್ತಿತ್ತು. ಇನ್ನೆರಡು ಬೇಕಾದವು: ಒಂದು ಅಂಗಡಿಗೆ, ಇನ್ನೊಂದು ಹೊಸ ಪ್ಲಗಿನ್ (ಸೈಟಿಗೆ ಹೆಚ್ಚುವರಿ ಸೌಲಭ್ಯ ಕೊಡುವ ತುಣುಕು) ಹಾಕಿ ನೋಡೋಕೆ. ಡೊಮೇನ್ ಮುಂದೆ ಸ್ಲಾಶ್ ಶಾಪ್, ಸ್ಲಾಶ್ ಟೆಸ್ಟ್ ಅಂತ ಬಂದರೆ ಸಾಕಿತ್ತು. 2010ರ 3.0 ಆವೃತ್ತಿಯಿಂದ ವರ್ಡ್‌ಪ್ರೆಸ್‌ನಲ್ಲೇ ಹಲವು ಸೈಟು ನಡೆಸುವ ಮಲ್ಟಿಸೈಟ್ ಸೌಲಭ್ಯ ಇದೆ, ನಿಜ. ಆದರೆ ಅಲ್ಲಿ ಕೋಡ್ ಒಂದೇ. ಟೆಸ್ಟ್‌ಗೆಂದು ಪ್ಲಗಿನ್ ಅಪ್‌ಡೇಟ್ ಮಾಡಿದರೆ ಎಲ್ಲ ಸೈಟುಗಳಿಗೂ ಅದೇ ಗತಿ.

ಸುಲಭ ಅಂತ ಹಳೇ ಫೋಲ್ಡರನ್ನೇ ಪೂರ್ತಿ ಕಾಪಿ ಮಾಡಿದೆ. ಟೆಸ್ಟ್ ತೆರೆದು ಲಾಗಿನ್ ಆದೆ. ಬರಹಗಳನ್ನೆಲ್ಲ ಆರಿಸಿ ಅಳಿಸಿದೆ. ಅಳಿಸಿದ್ದು ಅಸಲಿ ಸೈಟಿನ ಬರಹಗಳು!

ಕಾಪಿ ಮಾಡಿದ ಕಾನ್ಫಿಗ್ ಫೈಲಿನಲ್ಲಿ (ಸೈಟಿನ ಮೂಲ ಸೆಟ್ಟಿಂಗ್‌ಗಳಿರುವ ಫೈಲು) ಡೇಟಾಬೇಸ್ ಹೆಸರೂ ಅದೇ, ಟೇಬಲ್ ಪ್ರಿಫಿಕ್ಸ್ (ಪ್ರತಿ ಟೇಬಲ್ ಹೆಸರಿನ ಮುಂಚೆ ಬರುವ ಅಕ್ಷರಗಳು) ಕೂಡ ಅದೇ. ಜೊತೆಗೆ ಸೈಟ್ ತನ್ನ ವಿಳಾಸವನ್ನು ಆಪ್ಷನ್ಸ್ ಟೇಬಲ್‌ನಲ್ಲಿ ಸೈಟ್‌ಯುಆರ್‌ಎಲ್, ಹೋಮ್ ಅಂತ ಎರಡು ಕಡೆ ಬರೆದಿಟ್ಟುಕೊಂಡಿರುತ್ತದೆ. ಲಾಗಿನ್ ಆದ ಕೂಡಲೇ ಅದು ನನ್ನನ್ನು ಹಳೇ ವಿಳಾಸಕ್ಕೇ ಕರೆದುಕೊಂಡು ಹೋಗಿತ್ತು. ಬ್ರೌಸರ್‌ನ ಮೇಲ್ಗಡೆ ಒಮ್ಮೆ ಕಣ್ಣು ಹಾಯಿಸಿದ್ದರೆ ಗೊತ್ತಾಗುತ್ತಿತ್ತು, ಹಾಯಿಸಲಿಲ್ಲ. ಅಳಿಸಿದ ಬರಹ 30 ದಿನ ಟ್ರ್ಯಾಶ್‌ನಲ್ಲಿ ಉಳಿಯುತ್ತದೆ, ಅದರಿಂದ ಬಚಾವಾದೆ.

ಆಮೇಲೆ ಟೆಸ್ಟ್‌ಗೆ ಪ್ರಿಫಿಕ್ಸ್ ಬದಲಾಯಿಸಿ, ಟೇಬಲ್‌ಗಳನ್ನು ಆ ಹೆಸರಿನಲ್ಲಿ ಕಾಪಿ ಮಾಡಿದೆ. ವಿಳಾಸ ಬದಲಿಸಲು ನೇರವಾಗಿ ಡೇಟಾಬೇಸ್ ಭಾಷೆ ಎಸ್‌ಕ್ಯುಎಲ್ ಬಳಸಲಿಲ್ಲ. ಕೆಲವು ಸೆಟ್ಟಿಂಗ್‌ಗಳು ಪ್ರತಿ ಪಠ್ಯ ತುಣುಕಿನ ಉದ್ದವನ್ನೂ ಎಣಿಸಿ ಇಟ್ಟುಕೊಂಡಿರುತ್ತವೆ. ಉದ್ದ ತಪ್ಪಿದರೆ ವಿಜೆಟ್‌ಗಳು (ಪುಟದ ಬದಿಯಲ್ಲೋ ಕೆಳಗೋ ಕೂರಿಸುವ ಸಣ್ಣ ಭಾಗಗಳು) ಮಾಯ. ವರ್ಡ್‌ಪ್ರೆಸ್‌ನ ಕಮಾಂಡ್ ಸಾಧನ ಡಬ್ಲ್ಯುಪಿ-ಸಿಎಲ್‌ಐನ ಸರ್ಚ್-ರಿಪ್ಲೇಸ್ ಆ ಲೆಕ್ಕವನ್ನೂ ಸರಿ ಮಾಡುತ್ತದೆ. ಇಷ್ಟಾದರೂ ಲಾಗಿನ್ ಆದರೆ ‘ಈ ಪುಟ ನೋಡಲು ನಿಮಗೆ ಅನುಮತಿ ಇಲ್ಲ’ ಅನ್ನುತ್ತಿತ್ತು. ನನ್ನ ಸೈಟಿಗೆ ನಾನೇ ಹೊರಗಿನವನು! ಪ್ರಿಫಿಕ್ಸ್ ಟೇಬಲ್ ಹೆಸರಲ್ಲಷ್ಟೇ ಅಲ್ಲ, ಒಳಗೂ ಇರುತ್ತದೆ: ಯೂಸರ್‌ಮೆಟಾ ಟೇಬಲ್‌ನಲ್ಲಿ ಯಾರಿಗೆ ಯಾವ ಅಧಿಕಾರ ಅಂತ ಹೇಳುವ ಕೇಪಬಿಲಿಟೀಸ್ ಸಾಲು, ಆಪ್ಷನ್ಸ್‌ನಲ್ಲಿ ಯೂಸರ್ ರೋಲ್ಸ್ ಸಾಲು. ಅವುಗಳ ಹೆಸರಲ್ಲೂ ಹೊಸ ಪ್ರಿಫಿಕ್ಸ್ ಹಾಕಿದ ಮೇಲೆ ಒಳಗೆ ಬಿಟ್ಟಿತು.

ಶಾಪ್‌ಗೆ ಬುದ್ಧಿ ಬಂದು ಎಲ್ಲ ಹೊಸದಾಗಿಯೇ ಹಾಕಿದೆ, ಡೇಟಾಬೇಸ್ ಕೂಡ ಬೇರೆ. ಫೈಲುಗಳನ್ನು ಎಸ್‌ಆರ್‌ವಿ ಡೈರೆಕ್ಟರಿಯಲ್ಲಿಟ್ಟು, ಪುಟಗಳನ್ನು ಬ್ರೌಸರಿಗೆ ಕಳಿಸುವ ಅಪಾಚೆಯಲ್ಲಿ ಏಲಿಯಾಸ್ ಕೊಟ್ಟೆ, ಅಂದರೆ ಸ್ಲಾಶ್ ಶಾಪ್ ವಿಳಾಸವನ್ನು ಆ ಜಾಗಕ್ಕೆ ಜೋಡಿಸಿದೆ. ತೆರೆದರೆ 403, ಅಂದರೆ ಪ್ರವೇಶ ಇಲ್ಲ. ಉಬುಂಟುವಿನ ಅಪಾಚೆ ಅಲ್ಲಿಗೆ ತಾನಾಗಿ ಬಾಗಿಲು ತೆರೆಯುವುದಿಲ್ಲ. ಆ ಡೈರೆಕ್ಟರಿಗೆ ಅನುಮತಿ ನಾವೇ ಬರೆಯಬೇಕು. ಅಲ್ಲೇ ಅಲೌಓವರ್‌ರೈಡ್ ಆಲ್ ಅಂತಲೂ ಹಾಕಿದೆ. ಇಲ್ಲದಿದ್ದರೆ ಆಯಾ ಫೋಲ್ಡರಿನ ಅಪಾಚೆ ನಿಯಮಗಳನ್ನು ಬರೆದಿಡುವ ಡಾಟ್ ಎಚ್‌ಟಿಆಕ್ಸೆಸ್ ಫೈಲು ಇದ್ದೂ ಇಲ್ಲದಂತೆ.

ಟೆಸ್ಟ್‌ನಲ್ಲಿ ಇನ್ನೊಂದು ವಿಚಿತ್ರ ಉಳಿದಿತ್ತು. ಮುಖಪುಟ ಸರಿ, ಒಳಗಿನ ಯಾವ ಪುಟ ಒತ್ತಿದರೂ 404, ಅಂದರೆ ಪುಟ ಸಿಗಲಿಲ್ಲ. ಅದೂ ಅಸಲಿ ಸೈಟಿನ ಥೀಮ್‌ನಲ್ಲಿ! ಕಾಪಿಯಾಗಿ ಬಂದ ಎಚ್‌ಟಿಆಕ್ಸೆಸ್‌ನಲ್ಲಿ ರಿರೈಟ್‌ಬೇಸ್ ಬರೀ ಸ್ಲಾಶ್ ಅಂತ ಇತ್ತು, ಹಾಗಾಗಿ ಒಳಪುಟಗಳ ಕೋರಿಕೆಯೆಲ್ಲ ಅಸಲಿ ಸೈಟಿಗೇ ಹೋಗುತ್ತಿತ್ತು. ಪುಟಗಳ ವಿಳಾಸದ ರೂಪ ಆರಿಸುವ ಪರ್ಮಾಲಿಂಕ್ ಸೆಟ್ಟಿಂಗ್ ಪುಟಕ್ಕೆ ಹೋಗಿ ಸುಮ್ನೆ ಸೇವ್ ಒತ್ತಿದೆ, ವರ್ಡ್‌ಪ್ರೆಸ್ಸೇ ತಿದ್ದಿಕೊಂಡಿತು.

ಈಗ ಟೆಸ್ಟ್‌ನ ಅಡ್ಮಿನ್‌ಗೆ ಸನ್‌ರೈಸ್ ಅನ್ನೋ ಕೆಂಪು ಬಣ್ಣ ಹಾಕಿದ್ದೇನೆ. ಪರದೆ ಕೆಂಪಾಗಿದ್ದರೆ ಮಾತ್ರ ಡಿಲೀಟ್ ಒತ್ತುತ್ತೇನೆ.